ರುಚಿ ನೋಡುವ ಚಮಚ

ನಾನು ಒಂದು ಚಮಚ. ಹಿತ್ತಾಳೆಯ ಮೈ, ಮೇಲೆ ಬೆಳ್ಳಿಯ ಲೇಪ. ಮೈಸೂರಿನ ಅಕ್ಕಸಾಲಿಯೊಬ್ಬ ನನ್ನನ್ನು ತಟ್ಟಿ, ಉಜ್ಜಿ ಹೊಳಪು ಕೊಟ್ಟಾಗ ಯಾವುದೋ ಮದುವೆಮನೆಯ ಪಾಯಸ ನನ್ನ ಪಾಲಿಗಿದೆ ಎಂದುಕೊಂಡಿದ್ದೆ. ಬಂದು ಬಿದ್ದದ್ದು ಚಿಕ್ಕಮಗಳೂರಿನ ಕಾಫಿ ಕಾರ್ಖಾನೆಯೊಂದರ ರುಚಿ ನೋಡುವ ಕೋಣೆಗೆ. ಅಲ್ಲಿ ಯಾರೂ ಕಾಫಿ ಕುಡಿಯುವುದಿಲ್ಲ. ಸಾಲು ಬಟ್ಟಲುಗಳಿಂದ ಒಂದೊಂದು ಚಮಚ ಸೊರ್ರನೆ ಎಳೆದುಕೊಂಡು, ಬಾಯೊಳಗೆ ಆಡಿಸಿ, ಪೀಕದಾನಿಗೆ ಉಗುಳುತ್ತಾರೆ. ದಿನಕ್ಕೆ ಇನ್ನೂರು ಸಲ ಎಂಜಲಾಗುವ ಬಾಳು. ನನಗೆ ಹೇಸಿಗೆ ಹುಟ್ಟಿದ್ದು ಅಲ್ಲೇ.

ನನ್ನ ಮೊದಲ ಯಜಮಾನರು ಚಂಗಪ್ಪನವರು. ಅವರ ಮೀಸೆಯ ತುದಿಯಿಂದ ಸದಾ ಕಾಫಿ ತೊಟ್ಟಿಕ್ಕುತ್ತಿತ್ತು. ಆದರೆ ಕೆಟ್ಟದ್ದನ್ನು ಕೆಟ್ಟದ್ದೆನ್ನಲು ಅವರು ಅಂಜಿದವರಲ್ಲ. ಅಂಗಳದಲ್ಲಿ ಬೀಜ ಆರಿಸುತ್ತಿದ್ದ ದೇವೀರಮ್ಮ ಒಂದು ದಿನ ಹಿಡಿ ಬೀಜ ಮೂಸಿ, "ಇದು ಹುಳಿ ಬಂದಿದೆ" ಅಂದದ್ದು ಅವರ ಕಿವಿಗೆ ಬಿತ್ತು. ಅವಳನ್ನು ಒಳಗೆ ಕರೆದು ನಾಲ್ಕು ವರ್ಷ ಕಲಿಸಿದರು. ನಿವೃತ್ತರಾದ ದಿನ ನನ್ನನ್ನು ಅವಳ ಕೈಗಿಟ್ಟು ಹೋದರು.

ದೇವೀರಮ್ಮ ಗುರುವಿನ ಮಾತುಗಳನ್ನೇ ಒಪ್ಪಿಸುತ್ತಿದ್ದಳು. ಕಾಫಿಯ ರುಚಿಗೆ ಎಂದೂ ತಿನ್ನದ ಹಣ್ಣಿನ ಹೆಸರು, ಘಮಕ್ಕೆ ಎಂದೂ ಮೂಸದ ಹೂವಿನ ಹೆಸರು. ಹೇಳುವ ಮುಂಚೆ ಮ್ಯಾನೇಜರ್ ನಾಗಭೂಷಣನ ಮುಖ ನೋಡುವಳು. ಅವನ ಹುಬ್ಬು ಸಡಿಲವಾದರೆ "ಚೆನ್ನಾಗಿದೆ ಸಾರ್" ಅನ್ನುವಳು.

ಆ ಮಳೆಗಾಲ ಗೋದಾಮಿನ ತಗಡು ಹಾರಿ ಮುನ್ನೂರು ಮೂಟೆ ನೆನೆದವು. ಒಣಗಿಸಿ, ಅದರಲ್ಲಿ ಒಂದಿಷ್ಟು ಹುರಿದು, ಕಾಫಿ ಮಾಡಿ ತಂದಿಟ್ಟರು. ಅದರೊಳಗೆ ಮುಳುಗಿದಾಗ ನನಗೇ ವಾಕರಿಕೆ ಬಂತು. ದೇವೀರಮ್ಮ ಬಾಯೊಳಗೆ ಆಡಿಸದೆಯೇ ಉಗುಳಿದಳು.

"ಸ್ವಲ್ಪ ಮಣ್ಣಿನ ವಾಸನೆ, ಅಷ್ಟೇ ಅಲ್ವಾ ದೇವೀರಮ್ಮ?" ಅಂದ ನಾಗಭೂಷಣ.

"ಚೆನ್ನಾಗಿದೆ ಸಾರ್" ಅಂದು ಒಪ್ಪಿಗೆಯ ಚೀಟಿಗೆ ಸಹಿ ಹಾಕಿದಳು.

ಎರಡು ತಿಂಗಳಿಗೆ ಮೂಟೆಗಳು ಕೊಂಡವರಿಂದ ವಾಪಸು ಬಂದವು. ನಾಗಭೂಷಣ ಎಲ್ಲರೆದುರು ಕಿರುಚಿದ: "ಬೀಜ ಆರಿಸೋಳಿಗೆ ನಾಲಿಗೆ ಎಲ್ಲಿಂದ ಬರಬೇಕು!"

ಅಂದು ಸಂಜೆ ಅವಳು ಹುಣಸೆಹಣ್ಣು ಹಾಕಿ ನನ್ನನ್ನು ಉಜ್ಜಿದಳು, ಬೆಳ್ಳಿ ಸುಲಿದು ಹಿತ್ತಾಳೆ ಕಾಣುವವರೆಗೂ. "ಗೊತ್ತಿತ್ತು. ಬಾಯಿಗಿಟ್ಟ ಕೂಡಲೇ ನಂಗೆ ಗೊತ್ತಿತ್ತು" ಅನ್ನುತ್ತಲೇ ಇದ್ದಳು. ಅವಳ ಮೇಲೆ ನನಗೂ ಅಸಹ್ಯ ಹುಟ್ಟಿತ್ತು. ಅವಳಿಗೆ ತನ್ನ ಮೇಲೆಯೇ ಇದ್ದ ಅಸಹ್ಯದ ಮುಂದೆ ಅದು ಏನೂ ಅಲ್ಲ.

ಆದರೂ ನಾಗಭೂಷಣ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಹೇಳಿದಲ್ಲಿ ಸಹಿ ಹಾಕುವ ಕೈ ಅವನಿಗೆ ಇನ್ನೆಲ್ಲಿ ಸಿಗಬೇಕು? ಅದೇ ಕೊಳೆತ ಬೀಜಕ್ಕೆ ಒಳ್ಳೆಯದನ್ನು ಬೆರೆಸಿ ಮತ್ತೆ ತಂದಿಟ್ಟ. ಈ ಸಲ ಕೊಳ್ಳಲು ಬಂದ ಮಂಗಳೂರಿನ ಸಾಹುಕಾರರು ಎದುರಿಗೇ ಕೂತಿದ್ದರು.

ದೇವೀರಮ್ಮ ಎಳೆದುಕೊಂಡಳು, ಉಗುಳಿದಳು. ಯಾರ ಮುಖವನ್ನೂ ನೋಡಲಿಲ್ಲ. "ತೊಯ್ದ ಕಂಬಳೀನ ಮಡಚಿಟ್ಟು ವಾರ ಬಿಟ್ಟು ಬಿಚ್ಚಿದ್ರೆ ಬರುತ್ತಲ್ಲ, ಆ ನಾತ. ನಮ್ಮ ಮನೇಲಿ ಆ ಕಂಬಳೀಲೇ ಮಲಗಿ ಬೆಳೆದೋಳು ನಾನು. ಇದು ಕೆಟ್ಟಿದೆ ಸಾರ್."

"ತಮಾಷೆ ಮಾಡ್ತಾಳೆ" ಎಂದು ನಾಗಭೂಷಣ ನಕ್ಕ.

ಅವಳು ನನ್ನನ್ನು ತುಂಬಿಸಿ ಅವನ ಮುಂದೆ ಹಿಡಿದಳು. "ನೀವೇ ನೋಡಿ."

ಸಾಹುಕಾರರೆದುರು ಉಗುಳುವಂತಿಲ್ಲ. ನುಂಗಿದ. "ಚೆನ್ನಾಗಿದೆ" ಅಂದ. ಅವಳು ಇನ್ನೊಂದು ಚಮಚ ತುಂಬಿದಳು. ಅದು ತುಟಿಗೆ ಬರುವಷ್ಟರಲ್ಲಿ ಅವನು ಮುಂದಕ್ಕೆ ಬಾಗಿದ. ಒಳಗಿದ್ದದ್ದೆಲ್ಲ ಮೇಜಿನ ಮೇಲೆ, ನನ್ನ ಮೇಲೆ ಬಂತು. ಸಾಹುಕಾರರು ಧೋತರ ಎತ್ತಿಕೊಂಡು ಹೊರನಡೆದರು.

ಮಾರನೆಯ ದಿನ ದೇವೀರಮ್ಮನನ್ನು ಮತ್ತೆ ಬೀಜ ಆರಿಸಲು ಕಳಿಸಿದರು. ರುಚಿ ನೋಡಲು ಹೊಸಬ ಬಂದ, ಅವನದು ಸ್ಟೀಲ್ ಚಮಚ. ನಾನು ಕಿಟಕಿಯ ಕಟ್ಟೆಯ ಮೇಲೆ ಕಿಲುಬು ಹಿಡಿದು ಬಿದ್ದಿದ್ದೇನೆ. ಎಷ್ಟೋ ಬಾಯಿಗಳನ್ನು ಹೊಕ್ಕು ಬಂದೆ. ನನಗೆ ಮಾತ್ರ ಸ್ವಂತದ ರುಚಿಯೊಂದು ಹತ್ತಲಿಲ್ಲ.

ಇಲ್ಲಿಂದ ಅಂಗಳ ಕಾಣುತ್ತದೆ. ಊಟದ ಹೊತ್ತಿಗೆ ಸಣ್ಣ ಬೆಳೆಗಾರರು ರುಚಿ ಹೇಳೆಂದು ಫ್ಲಾಸ್ಕಿನಲ್ಲಿ ತಮ್ಮ ಕಾಫಿ ತಂದು ಅವಳ ಮುಂದಿಡುತ್ತಾರೆ. ನಿನ್ನೆ ಒಬ್ಬ ಮುಖ ಊದಿಸಿಕೊಂಡ.

"ಚೆನ್ನಾಗಿಲ್ವಾ? ಪೇಟೇಲಿ ಎಲ್ರೂ ಚೆನ್ನಾಗಿದೆ ಅಂದ್ರಲ್ಲಕ್ಕ!"

"ಅವರನ್ನೇ ಕೇಳಪ್ಪ" ಅಂದಳು ದೇವೀರಮ್ಮ, ಲೋಟ ಪಕ್ಕಕ್ಕಿಟ್ಟು. "ನನ್ನ ಕೇಳಿದ್ರೆ, ಇಲ್ಲ."