ಮ್ವೆಬೇಸ ಮೇಷ್ಟ್ರ ಹಳೇ ಹೆಡರ್

ರುಶೆರೆ ಊರಿನ ಹಾಲಿನ ಡಿಪೋದಲ್ಲಿ ಕೂಲರ್ ಮತ್ತೆ ನಿಂತಿತ್ತು. ಟ್ಯಾಂಕಿನ ತುಂಬ ಬೆಳಗಿನ ಹಾಲು. ಮಧ್ಯಾಹ್ನದೊಳಗೆ ಕೂಲರ್ ಓಡದಿದ್ದರೆ ಊರಿಗೆಲ್ಲ ಮೊಸರು ಹಂಚಬೇಕಾದೀತು. ಕೂಲರ್ ನಡೆಸುವ ಪ್ರೋಗ್ರಾಂ ಎಲ್ಲಿ ಮುಗ್ಗರಿಸುತ್ತಿದೆ ಎಂದು ನೋಡಲು, ಡಿಪೋದ ಕಂಪ್ಯೂಟರ್ ನೋಡಿಕೊಳ್ಳುವ ಕೆಂಬಬಾಜಿಗೆ ಡಿಬಗರ್ ಬೇಕಿತ್ತು. ಕೂಲರಿನೊಳಗಿನ ಆ ಓಬೀರಾಯನ ಕಾಲದ ಚಿಪ್ಪಿಗೆ ಸಿದ್ಧ ಡಿಬಗರ್ ಯಾರು ಕೊಡುತ್ತಾರೆ? ಡಿಬಗರಿನ ಮೂಲ ಕೋಡ್ ತಂದು ತಾನೇ ಕಂಪೈಲ್ ಮಾಡಿ ಕಟ್ಟಲು ಕೂತಿದ್ದಳು.

ಕಂಪೈಲರ್ ಒಂದೇ ರಾಗ ಎಳೆಯಿತು: ಈ ಹೆಸರಿಗೆ ಆಗಲೇ ಬೇರೆ ಲಕ್ಷಣ ಹೇಳಿಯಾಗಿದೆ. ಹುಡುಕಿದರೆ, ಇಂಥ ಲಕ್ಷಣಗಳನ್ನು ಬರೆದಿಡುವ ಹೆಡರ್ ಫೈಲು ಒಂದೇ ಹೆಸರಿನಲ್ಲಿ ಎರಡು ಕಡೆ. ಒಂದು ಡಿಬಗರಿನ ಜೊತೆಗೇ ಬಂದದ್ದು, ಇನ್ನೊಂದು ಮ್ವೆಬೇಸ ಮೇಷ್ಟ್ರು ಎಂದೋ ತಂದಿಟ್ಟ ಹಳೆಯದು. ಅವರ ಫೋಲ್ಡರನ್ನೇ ಮೊದಲು ನೋಡಬೇಕೆಂದು ಕಂಪೈಲರಿಗೆ ಕಟ್ಟಪ್ಪಣೆ ಬೇರೆ. ಅರ್ಧ ಕೋಡು ಹಳೆಯದನ್ನು ಓದಿ, ಅರ್ಧ ಹೊಸದನ್ನು ಓದಿ ಜಗಳಕ್ಕೆ ಬಿದ್ದಿತ್ತು.

ಮೇಷ್ಟ್ರ ಫೋಲ್ಡರ್ ಮುಟ್ಟುವ ಧೈರ್ಯ ಡಿಪೋದಲ್ಲಿ ಯಾರಿಗೂ ಇರಲಿಲ್ಲ. ಅವಳಿಗೆ ಈ ವಿದ್ಯೆ ಕಲಿಸಿದವರೇ ಅವರು. ಹರಿದ ಚಪ್ಪಲಿಯನ್ನೂ ಎಸೆಯದ ಜೀವ. ಹೊಸದನ್ನೇ ಮೊದಲು ನೋಡು ಎಂದು ಅವರಿಗೆ ತಿಳಿಯದಂತೆ ಒಂದು ಸಾಲು ಸೇರಿಸಿದರೆ ಮುಗಿಯುತ್ತಿತ್ತು. ಬರೆದಳು, ಅಳಿಸಿದಳು. ಗುರುವಿನ ಬೆನ್ನ ಹಿಂದೆ ಮಾಡುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಮೇಷ್ಟ್ರು ಅಂಗಳದಲ್ಲಿ ಹಾಲು ತಂದ ಹೆಂಗಸರ ಜೊತೆ ಹರಟುತ್ತಿದ್ದರು. ಕೆಂಬಬಾಜಿ ಎದ್ದು ಅಲ್ಲಿಗೇ ಹೋದಳು.

“ಮೇಷ್ಟ್ರೇ, ನಿಮ್ಮನೇಲಿ ನಿನ್ನೆ ಹಾಲಿನ ಸೋರೆ ಬುರುಡೆಗೆ ಇವತ್ತಿನ ಹಾಲು ಹುಯ್ತಾರಾ?”

“ತೊಳೀದೆ, ಹುಲ್ಲಿನ ಹೊಗೆ ಹಾಕ್ದೆ ಹುಯ್ದ್ರೆ ನಮ್ಮಮ್ಮ ಬೆನ್ನು ಮುರೀತಿದ್ಲು. ಯಾಕೆ?”

“ನಿಮ್ಮ ಫೋಲ್ಡರ್ ಹಾಗಾಗಿದೆ.”

ಹೆಂಗಸರು ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ. ಒಳಗೆ ಬಂದು ಕನ್ನಡಕ ಏರಿಸಿ ಎರಡೂ ಫೈಲು ಓದಿದರು.

“ಮೊದಲೇ ಯಾರೂ ಹೇಳ್ಲಿಲ್ವಲ್ಲ?”

“ನಿಮ್ಮ ಹೆದರ್ಕೆ, ಮೇಷ್ಟ್ರೇ.”

“ನಂಗೂ ಹೆದರ್ಕೇನೇ ಕಣಮ್ಮ. ಅಳಿಸಿದ್ರೆ ಇನ್ನೇನು ಕೆಡತ್ತೋ ಅಂತ.” ಅಷ್ಟು ಹೇಳಿ ತಾವೇ ಹಳೇ ಹೆಡರ್ ಅಳಿಸಿದರು.

ಡಿಬಗರ್ ಒಂದೂ ತಕರಾರಿಲ್ಲದೆ ಸಿದ್ಧವಾಯಿತು. ಪ್ರೋಗ್ರಾಂ ಕೆಟ್ಟುಹೋದ ಒಂದು ಸೆನ್ಸರಿನ ಉತ್ತರಕ್ಕೆ ಕಾಯುತ್ತ ಕೂತಿದ್ದು ಕಂಡಿತು. ಕಾದದ್ದು ಸಾಕು, ಮುಂದೆ ಹೋಗು ಎಂದು ಕೆಂಬಬಾಜಿ ಅದಕ್ಕೆ ಬುದ್ಧಿ ಹೇಳಿದಳು. ಕೂಲರ್ ಗುರ್ ಎಂದು ಶುರುವಾದಾಗ ಅವಳಿಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಹೆಂಗಸರು ಒಂದು ಬುರುಡೆ ಹಾಲು ಒಳಗೆ ಕಳಿಸಿದರು. ಮೇಷ್ಟ್ರು ಅದನ್ನು ಮುಟ್ಟದೆ, ಮನೆಗೆ ಬಂದ ನೆಂಟರ ಹಾಗೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು.

“ನಮ್ಮಲ್ಲಿ ಪಾತ್ರೆಗೆ ಹೊಗೆ ಹಾಕಿ ಶುದ್ಧ ಮಾಡಿದವರೇ ಹಾಲು ಕೊಡ್ಬೇಕು; ಇವತ್ತು ಅದು ನೀನೇ. ಇನ್ಮೇಲೆ ಆ ಫೋಲ್ಡರ್ ನಿಂದು.”

ಕೆಂಬಬಾಜಿ ಲೋಟ ಒರೆಸಿ, ಮೊದಲು ಅವರಿಗೆ ಹುಯ್ದಳು.