ದೀಪದ ಹೊತ್ತಿನ ರೇಡಾನ್

“ಆಂಟಿ, ನೀವು ಮೀಟರ್‌ಗೆ ಮೋಸ ಮಾಡಿದೀರಿ ಅಂತಿದಾರೆ ಮನೆ ಕೊಳ್ಳೋರು.”

ಇಂದಿರಾಬಾಯಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವರು ಒಗ್ಗರಣೆ ಹಾಕಿದರೆ ಅವರೂರು ಕ್ಯಾಲಬಾಸಸ್‌ನ ಗುಡ್ಡದಾಚೆಯ ದೇವಸ್ಥಾನದಲ್ಲಿ ಅರ್ಚಕರು ಸೀನುತ್ತಿದ್ದರು. ಆ ದಿನ ಸಾಸಿವೆ ಕೂಡ ಸಿಡಿಯಲು ಹೆದರಿತು. ಸೆರಿಟೋಸ್‌ನಿಂದ ಟ್ರಾಫಿಕ್ ಈಜಿ ಈ ಸುದ್ದಿ ತಂದಿದ್ದ ಮನೆ ಮಾರಾಟದ ಏಜೆಂಟ್ ರಾಘವ್ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

ಮನೆ ಮಾರಾಟಕ್ಕಿತ್ತು. ಕೊಳ್ಳುವವರು ಒಬ್ಬಳು ತುಂಬು ಬಸುರಿ, ಇನ್ನೊಬ್ಬ ಅವಳ ನೆರಳಿಗೂ ಕೊಡೆ ಹಿಡಿಯುವ ಗಂಡ. ನೆಲದಡಿಯಿಂದ ರೇಡಾನ್ ಎಂಬ ಅನಿಲ ಏಳುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕೇಡು ಎಂದು ಅವರು ಪರೀಕ್ಷೆ ಮಾಡಿಸಿದರು. ಹೆಚ್ಚೇ ಇತ್ತು. ಸ್ಯಾನ್ ಡಿಯಾಗೋದಲ್ಲಿ ಸಮುದ್ರ ಕಾಣುವ ಮನೆ ನೋಡಿಟ್ಟು, ಆಗಲೇ ಕನಸಿನಲ್ಲಿ ಈಜುತ್ತಿದ್ದ ಯಜಮಾನ ಗೋಪಿನಾಥರು ಸರಿಪಡಿಸಿಕೊಡಲು ಒಪ್ಪಿದರು. ಕೆಲಸದವರು ಬಂದು ಕಪಾಟಿನೊಳಗಿನ ನೆಲ ಕೊರೆದರು. ಇಂದಿರಾಬಾಯಿ ಹೇಳುವಂತೆ ಪಾತಾಳದ ಜನ ತಲೆ ಎತ್ತಿ ನೋಡುವಷ್ಟು ಆಳಕ್ಕೆ ಕೊಳವೆ ಇಳಿಸಿದರು. ನೆಲದಡಿಯ ಗಾಳಿಯನ್ನು ಎಳೆದು ಸೂರಿನ ಮೇಲೆ ಬಿಡಲು ಹೊರಗೋಡೆಗೆ ಒಂದು ಫ್ಯಾನು ಕೂಡಿಸಿದರು.

ಫ್ಯಾನು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ರೇಡಾನ್ ಅಳೆಯುವ ಮೀಟರ್ ಇಟ್ಟು ಮತ್ತೊಂದು ಪರೀಕ್ಷೆಯಾಗಬೇಕು. ಹೊರಗಾಳಿ ನುಗ್ಗಿದರೆ ಲೆಕ್ಕ ಸುಳ್ಳೇ ಕಡಿಮೆ ತೋರುವುದರಿಂದ, ಅದು ನಡೆಯುವ ಎರಡು ದಿನ ಕಿಟಕಿ ಬಾಗಿಲು ಮುಚ್ಚಿರಬೇಕು. ಹೋಗಿಬರಲಷ್ಟೇ ತೆರೆಯಬಹುದು. ಆ ಪರೀಕ್ಷೆ ಮುಗಿದು ಲೆಕ್ಕ ಬಂದಿತ್ತು.

“ಮೀಟರ್ ಗಂಟೆಗೊಂದ್ಸಲ ಲೆಕ್ಕ ಇಟ್ಕೊಳ್ಳುತ್ತೆ ಆಂಟಿ,” ರಾಘವ್ ಅಂದ. “ಎರಡೂ ಸಂಜೆ ರೇಡಾನ್ ಸರ್ರಂತ ಇಳಿದಿದೆ. ಯಾರೋ ಬಾಗಿಲು ತೆಗೆದಿಟ್ಟಿದಾರೆ.”

“ಯಾರೋ ಅಲ್ಲಪಾ, ನಾನ ತಗದಿಟ್ಟೀನಿ. ದೀಪಾ ಹಚ್ಚೂ ಹೊತ್ತಿಗೆ ಮುಂಬಾಗ್ಲಾ ಹಾಕ್ಕೊಂಡು ಕೂತ್ರ ಲಕ್ಷ್ಮಿ ಎಲ್ಲಿಂದ ಬರಬೇಕು? ಗ್ಯಾರೇಜಿನಾಗಿಂದೇನು?”

“ಹಿತ್ತಿಲ ಬಾಗಿಲು ಮಾತ್ರ ಭದ್ರವಾಗಿ ಹಾಕಿದ್ಲಪ್ಪ,” ಗೋಪಿನಾಥರು ಸೋಫಾದಿಂದ ಸಾಕ್ಷಿ ನುಡಿದರು. “ಬಂದ ಲಕ್ಷ್ಮಿ ಆ ಕಡೆಯಿಂದ ಹೋಗಿಬಿಟ್ರೆ?”

ರಾಘವ್ ತಲೆ ಕೆರೆದುಕೊಂಡ. “ಇದನ್ನೆಲ್ಲ ಅವರಿಗೆ ಹೇಳೋದು ಬೇಡ ಆಂಟಿ. ಸಾಮಾನು ಸಾಗಿಸೋ ಹುಡುಗರು ತೆಗೆದಿಟ್ಟಿದ್ರು ಅಂದ್ಬಿಡೋಣ. ನಾನೇ ಇಮೇಲ್ ಮಾಡ್ತೀನಿ.”

“ಮಾಡ್ಬಿಡಪ್ಪ, ಮಾಡ್ಬಿಡು,” ಗೋಪಿನಾಥರ ಕಾಲು ಆಗಲೇ ಸಮುದ್ರದ ನೀರಿಗೆ ತಾಗಿತ್ತು.

ಇಂದಿರಾಬಾಯಿ ಸೌಟನ್ನು ಒಲೆಯ ಪಕ್ಕ ಇಟ್ಟರು. ಆ ಸದ್ದು ಮಲಿಬು ಕಡಲಿಗೂ ಕೇಳಿರಬೇಕು.

“ಆ ಹುಡುಗರ ತಲಿಗ್ಯಾಕ ಕಟ್ತಿ? ತಗದಾಕಿ ನಾನು. ಹಂಗ ಬರಿ. ಲಕ್ಷ್ಮಿ ಸಲುವಾಗಿ ತಗದಾಳ ಅಂತನೂ ಬರಿ. ಮೋಸಾ ಮಾಡ್ಯಾಳ ಅನ್ನೂ ಮಾತು ಹೊತಗೊಂಡು ನಾ ಈ ಮನಿ ಬಿಟ್ಟು ಹೋಗಾಕಿ ಅಲ್ಲ. ಇನ್ನೊಮ್ಮೆ ಮೀಟರ್ ಇಡ್ಲಿ.”

“ಇಡ್ತಾರೆ ಆಂಟಿ. ಆದರೆ ಇನ್ನೊಂದ್ಸಲ ಹೀಗಾದ್ರೆ ಮನೆ ಬೇಡ ಅಂತಾರೆ. ಬಾಗಿಲು ಮುಚ್ಚಿರ್ತೀರಾ?”

ಇಂದಿರಾಬಾಯಿ ಮುಂಬಾಗಿಲ ಕಡೆ ತಿರುಗಿ ನೋಡಿದರು. ಗೋಪಿನಾಥರು ಮೆಲ್ಲಗೆ, “ಎರಡು ಸಂಜೆ ಲಕ್ಷ್ಮಿ ಬರದಿದ್ರೆ ಏನ್ ಮುಳುಗಿಹೋಗುತ್ತೆ?” ಅಂದರು. ಹೆಂಡತಿ ನೋಡಿದ ನೋಟಕ್ಕೆ ಫ್ರಿಜ್ಜಿನೊಳಗಿನ ಹಾಲು ಒಡೆಯದೆ ಉಳಿದದ್ದೇ ಪವಾಡ.

“ಬಸುರಿ ಹುಡುಗಿ ಉಸಿರಾಡೂ ಮನಿ ಇದು,” ಎಂದರು ಇಂದಿರಾಬಾಯಿ ಕೊನೆಗೆ. “ಖರೇ ಎಷ್ಟದ ಅಂತ ಆಕಿಗೆ ಗೊತ್ತಾಗಬೇಕು. ಬಾಗ್ಲಾ ಹಾಕೇ ಇರ್ತದ. ಲಕ್ಷ್ಮೀದು ನಾ ನೋಡ್ಕೋತೀನಿ.”

ಮರುದಿನ ಮೀಟರು ಮತ್ತೆ ಬಂದು ನಡುಮನೆಯ ಮೇಜಿನ ಮೇಲೆ ಪಟ್ಟದಾನೆಯಂತೆ ಕೂತಿತು. ಬಿಸಿಲು ಗುಡ್ಡದ ನೆತ್ತಿ ಬಿಡುವ ಹೊತ್ತಿಗೆ ಇಂದಿರಾಬಾಯಿ ಇಳಕಲ್ ಸೀರೆಯುಟ್ಟು, ಹಚ್ಚಿದ ದೀಪ ಹಿಡಿದು ಹೊರಗೆ ಬಂದರು. ಬೆನ್ನ ಹಿಂದೆ ಬಾಗಿಲನ್ನು ಅಮುಕಿ ಹಾಕಿದರು. ಹೊಸ್ತಿಲಾಚೆಯ ಮೆಟ್ಟಿಲ ಮೇಲೆ ದೀಪವಿಟ್ಟು, ಅದರ ಮಗ್ಗುಲಲ್ಲೇ ಕೂತರು. ನಾಯಿ ಹಿಡಿದು ಹೊರಟಿದ್ದ ಎದುರುಮನೆಯವನು ಕೈ ಬೀಸಿದ. ಇವರೂ ಮಹಾರಾಣಿಯಂತೆ ಬೀಸಿದರು.

ಒಳಗೆ ಕಿಟಕಿಯ ಗಾಜಿಗೆ ಮೂಗು ಒತ್ತಿ ಗೋಪಿನಾಥರು ಕಾಫಿ ಲೋಟ ಎತ್ತಿ ತೋರಿಸಿದರು.

“ಬಾಗ್ಲಕ್ಕ ಕೈ ಹಚ್ಚೀರಿ ಮತ್ತ!” ಇಂದಿರಾಬಾಯಿ ಬೆರಳೆತ್ತಿದರು.

ಗೋಡೆಯ ಮೇಲಿನ ಫ್ಯಾನು ಗುಂಯ್ ಎನ್ನುತ್ತಿತ್ತು. ಗುಡ್ಡದಿಂದ ತಣ್ಣನೆ ಗಾಳಿ ಇಳಿದು ಬಂತು. ಇಂದಿರಾಬಾಯಿ ಒಂದು ಕೈಯನ್ನು ದೀಪಕ್ಕೆ ಅಡ್ಡ ಹಿಡಿದರು. ಆಮೇಲೆ ಮೆಟ್ಟಿಲ ಮೇಲೆ ತುಸು ಸರಿದು, ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟರು.