ಮಾಮೂಲಿನ ವಿಷಯ

ಸೊಸೆಯ ಚಹಾ ಅಂಗಡಿಗೆ ಪರವಾನಗಿ ಕಚೇರಿಯವರು ಬೀಗ ಜಡಿದು ಹೋದರು. ತಿಂಗಳ ಮಾಮೂಲು ಕೊಡುವುದಿಲ್ಲ ಎಂದದ್ದೇ ತಪ್ಪು. ಹಾಗೆ ಹೇಳು ಎಂದು ಅವಳನ್ನು ಹುರಿದುಂಬಿಸಿದವನು ನಾನು. ಮನೆಯ ಒಲೆ ಉರಿಯುವುದು ಆ ಅಂಗಡಿಯಿಂದಲೇ ಎಂಬುದು ಭಾಷಣ ಬಿಗಿಯುವಾಗ ನೆನಪಾಗಲಿಲ್ಲ.

"ಬಾಯಿ ಬಿಟ್ಟೋರು ನೀವು ಮಾವ, ಬೀಗಾನೂ ನೀವೇ ಬಿಡಿಸ್ಕೊಂಡು ಬನ್ನಿ," ಎಂದಳು.

ದೂರು ಬರೆಸಿ, ಲಕೋಟೆಯಲ್ಲಿಟ್ಟು, ಇಸ್ತ್ರಿ ಅಂಗಿ ತೊಟ್ಟು ಅದೇ ಕಚೇರಿಯ ದೊಡ್ಡ ಸಾಹೇಬರ ಹತ್ತಿರ ಹೊರಟೆ. ನನ್ನ ಓದು ಸಹಿ ಹಾಕುವಷ್ಟರಲ್ಲೇ ಮುಗಿದದ್ದು, ಕಿವಿಯೂ ಮಂದ. ಇಂಥ ಯೋಧ ನಾನು.

ಬಾಗಿಲಲ್ಲಿ ಜವಾನ ತಡೆದ. "ಏನ್ ವಿಷಯ ತಾತ?"

"ಮಾಮೂಲಿನ ವಿಷಯ ಕಣಪ್ಪಾ."

ಅವನ ಮುಖ ಅರಳಿತು. "ಅದನ್ನ ಮೊದಲೇ ಹೇಳ್ಬಾರ್ದಾ? ಪಕ್ಕದ ರೂಮು."

ದೂರಿಗೆ ಇಷ್ಟು ಮರ್ಯಾದೆ ಉಂಟೆಂದು ಗೊತ್ತಿದ್ದರೆ ಎಂದೋ ಬರುತ್ತಿದ್ದೆ. ಒಳಗಿದ್ದ ಗುಮಾಸ್ತ ಫೋನಿನಲ್ಲಿ ಮಾತಾಡುತ್ತಲೇ ಯಾವ ಅಂಗಡಿ ಎಂದು ಕೇಳಿ, ಮೇಜಿನ ಡ್ರಾಯರ್ ಎಳೆದು ಕಣ್ಣಲ್ಲೇ ತೋರಿಸಿದ. ಲಕೋಟೆ ಇಟ್ಟೆ. ನೋಡದೆಯೇ ಮೊಣಕಾಲಿನಿಂದ ತಳ್ಳಿ ಮುಚ್ಚಿದ. ಕೈ ಮುಗಿದು ಬಂದೆ.

ಮಧ್ಯಾಹ್ನಕ್ಕೆ ಬೀಗ ತೆಗೆದರು. ಬೀದಿಯಲ್ಲಿ ನಾನು ಹುಲಿಯಾದೆ. ಎದುರಿನ ಕ್ಷೌರದವನು ಕುರ್ಚಿ ಒರೆಸಿ ಕೂರಿಸಿದ. "ಒಂದು ಕಾಗದಕ್ಕೇ ನಡುಗಿಬಿಟ್ರಲ್ಲ ತಾತ!"

"ನ್ಯಾಯ ಕೇಳೋಕೂ ಒಂದು ಗತ್ತು ಬೇಕಪ್ಪಾ," ಎಂದು ಮೀಸೆ ತಿರುವಿದೆ.

ಸಂಜೆ ಗುಮಾಸ್ತನೇ ಬಂದ, ಕೈಯಲ್ಲಿ ಒಡೆದ ಲಕೋಟೆ. ಅಂಗಡಿ ತುಂಬ ಗಿರಾಕಿಗಳು. ನನ್ನ ಬಳಿ ಬಗ್ಗಿ ಏನೋ ಪಿಸುಗುಟ್ಟಿದ.

"ಜೋರಾಗಿ ಹೇಳಪ್ಪಾ, ಕೇಳ್ಸಲ್ಲ."

"ಇದ್ರಲ್ಲಿ ಬರೀ ಕಾಗದ ಇದೆ!"

"ಮತ್ತೇನಿರ್ಬೇಕಿತ್ತು?"

ನಿಜವಾಗಿಯೂ ತಿಳಿಯದೆ ಕೇಳಿದ್ದೆ. ಲೋಟಗಳೆಲ್ಲ ಬಾಯಿಯ ಹತ್ತಿರವೇ ನಿಂತವು. ಯಾರೋ ಕಿಸಕ್ಕೆಂದರು. ಗುಮಾಸ್ತ ಬೆಂಚಿನ ಮೇಲೆ ಕುಸಿದು, "ಏನಿಲ್ಲ... ಒಂದು ಚಹಾ," ಎಂದ. ಕುಡಿದು, ಕಾಸು ಕೊಡದೆ ಎದ್ದು ಹೋದ.

"ನಿಮ್ಮ ದೂರನ್ನ ಯಾರೂ ಓದೇ ಇರ್ಲಿಲ್ಲ ಮಾವ," ಸೊಸೆ ಬಿಡಿಸಿ ಹೇಳಿದಳು. "ಲಕೋಟೆ ತುಂಬ ಮಾಮೂಲು ಅಂದ್ಕೊಂಡು ಬೀಗ ತೆಗೆದಿದ್ದಾರೆ."

ಮೀಸೆ ತಾನಾಗಿಯೇ ಇಳಿಯಿತು.

ಅಂದಿನಿಂದ ಅವನು ದಿನವೂ ಬರುತ್ತಾನೆ. ಬೀಗ ತರುವುದಿಲ್ಲ, ಕಾಸನ್ನೂ ತರುವುದಿಲ್ಲ. ಉಳಿದ ಅಂಗಡಿಗಳವರು ತಿಂಗಳು ತಿಂಗಳು ಕೊಡುತ್ತಲೇ ಇದ್ದಾರೆ. ಸರ್ಕಾರದ ಮೇಲೆ ಯುದ್ಧಕ್ಕೆ ಹೋದ ನಾನು ನಮ್ಮ ಮಾಮೂಲನ್ನು ಒಂದು ಲೋಟ ಚಹಾಕ್ಕೆ ಇಳಿಸಿಕೊಂಡು ಬಂದೆ, ಅಷ್ಟೆ. ಸೊಸೆ ಅವನ ಲೋಟಕ್ಕೆ ಸಕ್ಕರೆ ಹಾಕುವುದಿಲ್ಲ. ಅವನೂ ಕೇಳುವುದಿಲ್ಲ, ಕೇಳುವುದಾದರೆ ಜೋರಾಗಿ ಕೇಳಬೇಕಲ್ಲ.